ಭಾನುವಾರ ಬರೋರು

ದಾದಾಪೀರ್ ಸಾಹೇಬರದು ದೊಡ್ಡ ಮನಸ್ಸು.
"ಗಾಡಿ ಒಯ್ರಿ ಸಿಸ್ಟರ್, ಡೀಸೆಲ್ಲೂ ನಂದೇ,
ಮಕ್ಕಳು ಚಂದ್ರವಳ್ಳಿ ನೋಡ್ಕಂಡು ಬರ್ಲಿ."
ಭಟ್ಟಿಯ ಹೊಗೆಯಲ್ಲಿ ನಿಂತಿತ್ತು ಗಾಡಿ,
ಹಿಂದಿನ ತೊಟ್ಟಿಯ ಮೂಲೆಯಲ್ಲಿ ಇನ್ನೂ
ನಿನ್ನೆಯ ಮಂಡಕ್ಕಿ ಒಂದು ಹಿಡಿ.

ಕಾಗದ ಕೇಳಿದೆ.
ನಕ್ಕರು. ಸೀಟಿನಡಿಯಿಂದ ಎಳೆದು ಕೊಟ್ಟರು,
ಎಣ್ಣೆ ಬೆರಳಿನ ಗುರುತು ಬಿದ್ದ ಪಾಲಿಸಿ.
ಚಾಲಕನಿಗೆ ಇದೆ. ಕ್ಲೀನರಿಗೆ ಇದೆ.
ಮೂಟೆಗಳಿಗೆ ಬೇರೆಯದೇ ಒಂದು ಹಾಳೆ,
ನೆನೆದರೆ, ಉರಿದರೆ, ಮಗುಚಿದರೆ.
ಊದಿದರೆ ಹಾರುವ ಮಂಡಕ್ಕಿಗೆ ಇದೆ.
ತೊಟ್ಟಿಯಲ್ಲಿ ಕೂತ ಮಗುವಿಗೆ
ಯಾವ ಸಾಲಿನಲ್ಲೂ ಇಲ್ಲ.

"ಏನಾಗಲ್ಲ ತಗಳ್ರಿ" ಅಂದರು.
ನಮ್ಮೂರಿನ ಅತಿ ಹಳೆಯ ವಿಮೆ ಇದು.
ಕಂತಿಲ್ಲ, ಸಹಿಯಿಲ್ಲ,
ಮದುವೆ ದಿಬ್ಬಣದ ಲಾರಿಗೂ ಸಾಕು,
ಕಳೆ ಕೀಳಲು ಹೋಗುವ ಹೆಂಗಸರ ಟ್ರ್ಯಾಕ್ಟರಿಗೂ ಸಾಕು.
ಸೋಮವಾರ ಬೆಳಗ್ಗೆ ನನ್ನ ವಾರ್ಡಿಗೆ ಬರುವ ಹೊತ್ತಿಗೆ
ಅದರ ಅವಧಿ ಮುಗಿದಿರುತ್ತದೆ.
ಇದನ್ನು ಅವರಿಗೆ ಹೇಳಲಿಲ್ಲ.
ಕೊಟ್ಟ ಚಹಾ ಕುಡಿದೆ. ಬೇಡ ಅಂದೆ.

ಮೂರು ದಿನ ಮಕ್ಕಳು ನನ್ನ ಜತೆ ಮಾತು ಬಿಟ್ಟರು.

ಪಿ.ಜೆ. ಬಡಾವಣೆಯಲ್ಲಿ, ಮಹಡಿ ಮೇಲೆ, ವಿಮೆ ಕಚೇರಿ.
ರುದ್ರಮುನಿ ಎಂಬ ಗುಮಾಸ್ತ ಕನ್ನಡಕ ಏರಿಸಿದ.
"ಸಂಘದ ನೋಂದಣಿ ಸಂಖ್ಯೆ?" ಇಲ್ಲ.
"ಅಧ್ಯಕ್ಷರು?" ಇಲ್ಲ.
"ನಿಮಗೆ ಸಂಬಳ ಕೊಡೋರು?"
ನಗು ಬಂತು.
"ಮತ್ತೆ ನೀವು ಯಾರು?"
ಭಾನುವಾರ ಬರೋರು, ಅಂದೆ.
ಬಹಳ ಹೊತ್ತು ಪೆನ್ನು ಹಿಡಿದು ಕೂತಿದ್ದ,
ಕಡೆಗೆ ಹಾಗೇ ಬರೆದ.

ತಲೆಗೆ ಹದಿನಾಲ್ಕು ರೂಪಾಯಿ, ಒಂದು ದಿನಕ್ಕೆ.
ಹೆಸರು, ವಯಸ್ಸು, ನಾಮಿನಿ.
ಓಬಳೇಶ ಅಪ್ಪನ ಹೆಸರು ಬರೆಸಿ, ಹೊಡೆದುಹಾಕಿಸಿ,
ಅಜ್ಜಿಯ ಹೆಸರು ಬರೆಸಿದ.
ಗೌಸಿಯಾ ಕೇಳಿದಳು, "ಸತ್ರೆ ಎಷ್ಟು?"
ಒಂದು ಲಕ್ಷ.
ಒಬ್ಬರನ್ನೊಬ್ಬರು ನೋಡಿಕೊಂಡರು,
ತಮ್ಮ ಬೆಲೆ ಮೊದಲ ಸಲ ಕೇಳಿದವರ ಹಾಗೆ.
ಆಮೇಲೆ ಜಗಳ: ಕಿರುಬೆರಳಿಗೆಷ್ಟು, ಹಲ್ಲಿಗೆ ಯಾಕಿಲ್ಲ.
ನನ್ನ ಹದಿನಾಲ್ಕು ರೂಪಾಯಿ ನೆನಪಾದದ್ದು
ಹಣ ಕಟ್ಟಿ, ಮೆಟ್ಟಿಲಿಳಿದ ಮೇಲೆ.

ಬಾಡಿಗೆ ಬಸ್ಸು. ಸೀಟಿಗೊಬ್ಬರು.
ಡ್ರೈವರ್ ಕರಿಬಸಪ್ಪನ ಹತ್ತಿರ ನಿಂತು,
ದಾರಿ ಕೇಳುವ ನೆವದಲ್ಲಿ, ಉಸಿರು ಮೂಸಿದೆ.
ಬರೀ ಬಾಳೆಹಣ್ಣು.
ಆನಗೋಡು. ಇಪ್ಪತ್ತೇಳು.
ಭರಮಸಾಗರ. ಇಪ್ಪತ್ತೇಳು.
ಗುಡ್ಡದ ಮೇಲಿನ ಗಾಳಿಯಂತ್ರಗಳನ್ನು ಮಕ್ಕಳು ಎಣಿಸಿದರು,
ಯಾರ ಲೆಕ್ಕವೂ ಯಾರದಕ್ಕೂ ತಾಳೆಯಾಗಲಿಲ್ಲ.

ಗುಹೆಯಿಂದ ಹೊರಬಂದಾಗ ಇಪ್ಪತ್ತಾರು.
ಮತ್ತೆ ಎಣಿಸಿದೆ. ಇಪ್ಪತ್ತಾರು.
ಚೀಲದಲ್ಲಿ ಪಾಲಿಸಿ ಸರಪರ ಅಂದಿತು.
ಅದರಲ್ಲಿ ಎಲ್ಲಾ ಇತ್ತು, ಈ ಹೊತ್ತೊಂದು ಇರಲಿಲ್ಲ.
ಕೆರೆ ಸುಮ್ಮನಿತ್ತು.
ಅಷ್ಟು ಸುಮ್ಮನೆ ನೀರು ಇರಬಾರದು.

ಟಾರ್ಚು ಹಿಡಿದು ಒಳಗೆ ಬಗ್ಗಿದೆ.
ಗೋಡೆಗೆ ಕೆನ್ನೆ ಆನಿಸಿ ನಿಂತಿದ್ದ ತಿಪ್ಪೇಶ.
"ಎಷ್ಟ್ ತಣ್ಣಗೈತಿ ಸಿಸ್ಟರ್.
ನಮ್ಮನೆ ಭಟ್ಟಿ ಗ್ವಾಡಿಗೇ ಐತಿ."
ಬೈಯಬೇಕಿತ್ತು.
ಕಾಲು ನಡುಗುತ್ತಿದ್ದವು.
ನಾನೂ ಕೆನ್ನೆ ಆನಿಸಿದೆ.

ಏಳೂವರೆಗೆ ಎಲ್ಲರೂ ಅವರವರ ಬಾಗಿಲಿಗೆ.
ಓಬಳೇಶ ಇಳಿಯುತ್ತ ಕೇಳಿದ,
"ಏನೂ ಆಗ್ಲಿಲ್ಲ. ದುಡ್ಡು ವಾಪಸ್ ಕೊಡ್ತಾರಾ?"
ಇಲ್ಲ.
"ಹಂಗಾರೆ ಲಾಸು."
ಹೂಂ, ಅಂದೆ.

ಪಾಲಿಸಿ ರಾತ್ರಿ ಹನ್ನೆರಡರ ತನಕ.
ಯಾಕೋ ಎದ್ದೇ ಇದ್ದೆ.
ರೈಲ್ವೆ ಗೇಟು ಬಿತ್ತು, ಗೂಡ್ಸು ಹಾದುಹೋಯಿತು,
ಹನ್ನೆರಡಾಯಿತು.
ಭಟ್ಟಿಯ ಓಣಿಯಲ್ಲಿ ಇಪ್ಪತ್ತೇಳು ಮಕ್ಕಳು
ಯಾವ ಕಾಗದದಲ್ಲೂ ಇಲ್ಲದೆ ಮಲಗಿದ್ದರು.
ಮೂರು ಗಂಟೆಗೆ ಒಲೆ ಹೊತ್ತಿಸುವವರು
ಇನ್ನೂ ಎದ್ದಿರಲಿಲ್ಲ.